ಯಾರು ಕಾಸು ಕೊಟ್ಟು ಹಾಕಿಸಿದ್ದು?

1904ರ ಜೂನ್ 16ರ ಬೆಳಿಗ್ಗೆ ಡಬ್ಲಿನ್ ನಗರದ ಗ್ಲಾಸ್ನೆವಿನ್ ಸ್ಮಶಾನದಲ್ಲಿ ಪ್ಯಾಡಿ ಡಿಗ್ನಮ್ ಎಂಬವನ ಮಣ್ಣು ನಡೆಯಿತು. ಸಂಜೆಯ ಪತ್ರಿಕೆಯಲ್ಲಿ ಸುದ್ದಿ ಅಚ್ಚಾಯಿತು. ಮಣ್ಣಿಗೆ ಬಂದಿದ್ದವರ ಹೆಸರುಗಳೂ ಜೊತೆಗಿದ್ದವು. ಬಂದವರಲ್ಲಿ ಒಬ್ಬನಾದ ಲಿಯೊಪೋಲ್ಡ್ ಬ್ಲೂಮ್ ರಾತ್ರಿ ಬಹಳ ಹೊತ್ತಾದ ಮೇಲೆ ಆ ಪತ್ರಿಕೆ ಬಿಡಿಸಿದ. ಅವನ ಹೆಸರಿನಿಂದ ಒಂದಕ್ಷರ ಉದುರಿ ‘ಬೂಮ್’ ಆಗಿತ್ತು. ಸ್ಮಶಾನದ ಕಡೆ ತಲೆ ಹಾಕದ ಮೆಕಾಯ್ ಎಂಬವನ ಹೆಸರು ಪಟ್ಟಿಯಲ್ಲಿತ್ತು, ಯಾಕೆಂದರೆ ತನ್ನ ಹೆಸರನ್ನೂ ಬರೆಸಿಬಿಡು ಎಂದು ಅವನು ಮೊದಲೇ ಹೇಳಿದ್ದ. ಅಲ್ಲಿಗೆ ಹೋಗದಿದ್ದ ಸ್ಟೀಫನ್ ಡೆಡಾಲಸ್ ಬಿ.ಎ. ಪದವಿಯ ಸಮೇತ ಹಾಜರಾಗಿದ್ದ. ಇವರೆಲ್ಲರ ನಡುವೆ ‘ಮೆಕಿಂಟಾಷ್’ ಎಂಬ ಮಹಾಶಯ ಬೇರೆ. ಮ್ಯಾಕಿಂಟಾಷ್ ಎಂದರೆ ಮಳೆಕೋಟು. ಕೋಟು ತೊಟ್ಟು ದೂರ ನಿಂತಿದ್ದ ಅಪರಿಚಿತನ ಬಗ್ಗೆ ಆಡಿದ ಮಾತನ್ನು ವರದಿಗಾರ ಅವನ ಹೆಸರೆಂದೇ ಗುರುತು ಹಾಕಿಕೊಂಡಿದ್ದ.

ಇದು ಜೇಮ್ಸ್ ಜಾಯ್ಸ್ ತನ್ನ ‘ಯುಲಿಸಿಸ್’ ಕಾದಂಬರಿಯಲ್ಲಿ ಕಟ್ಟಿದ ಪ್ರಸಂಗ. ಆದರೆ ಅದರ ತಮಾಷೆಯ ಕೆಳಗೆ ಲೋಕಾನುಭವವಿದೆ. ಹೊಟ್ಟೆಪಾಡಿಗೆ ಬ್ಲೂಮ್ ಮಾಡುತ್ತಿದ್ದುದು ‘ಫ್ರೀಮನ್ಸ್ ಜರ್ನಲ್’ ಎಂಬ ನಿಜವಾದ ಡಬ್ಲಿನ್ ಪತ್ರಿಕೆಗೆ ಜಾಹೀರಾತು ಹಿಡಿದು ತರುವ ಕೆಲಸ. ಅಚ್ಚಾದ ಒಂದೊಂದು ಸಾಲಿನ ಹಿಂದೆ ಯಾರ ಕಾಸು, ಯಾರ ಆಸೆ, ಯಾರ ಅವಸರ ಇರುತ್ತದೆ ಎಂಬುದು ಅವನಿಗೆ ಅಂಗೈ ನೆಲ್ಲಿಕಾಯಿ. ನೂರು ವರ್ಷದ ನಂತರ ಮೆಕಾಯ್‌ನ ಮರಿಮೊಮ್ಮಗಳೊಬ್ಬಳು ಆ ಪಟ್ಟಿಯನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡಿದಳೆಂದುಕೊಳ್ಳಿ. ತನ್ನ ಮುತ್ತಜ್ಜ ಆ ದಿನ ಸ್ಮಶಾನದಲ್ಲಿದ್ದ ಎಂದು ಅವಳು ಬರೆದಿಟ್ಟುಕೊಳ್ಳುತ್ತಾಳೆ. ಬ್ಲೂಮನ ವಂಶದವರಿಗೆ ಮಾತ್ರ ಏನೂ ಸಿಗುವುದಿಲ್ಲ.

ಐರಿಷ್ ಮೂಲದವರು, ಅದರಲ್ಲೂ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದವರು, ತಮ್ಮ ವಂಶದ ಬೇರು ಹುಡುಕಿ ಹೊರಟಾಗ ಹಳೆಯ ಪತ್ರಿಕೆಗಳ ಸಣ್ಣಕ್ಷರದ ಪ್ರಕಟಣೆಗಳಿಗೆ ಬಂದು ನಿಲ್ಲುವುದು ಹೆಚ್ಚು. ಹುಟ್ಟು, ಮದುವೆ, ಸಾವು, ಹರಾಜು, ದಿವಾಳಿ, ಓಡಿಹೋದ ಹೆಂಡತಿ, ಕಾಣೆಯಾದ ಅಣ್ಣ. ಹೀಗೆ ಬಂದು ನಿಲ್ಲುವುದಕ್ಕೆ ಕಾರಣ ಪತ್ರಿಕೆಗಳ ಮೇಲಿನ ಪ್ರೀತಿಯಲ್ಲ, ಬೇರೆ ದಾರಿ ಸುಟ್ಟುಹೋಗಿರುವುದು.

ಸುಟ್ಟುಹೋಗಿದೆ ಎಂಬುದು ಅಲಂಕಾರದ ಮಾತಲ್ಲ. 1922ರ ಏಪ್ರಿಲ್‌ನಲ್ಲಿ ಬ್ರಿಟನ್ನಿನೊಂದಿಗಿನ ಒಪ್ಪಂದವನ್ನು ವಿರೋಧಿಸಿದ ಐರಿಷ್ ಗಣರಾಜ್ಯವಾದಿಗಳು ಡಬ್ಲಿನ್ನಿನ ‘ಫೋರ್ ಕೋರ್ಟ್ಸ್’ ಕಟ್ಟಡಗಳನ್ನು ವಶಪಡಿಸಿಕೊಂಡರು. ಜೂನ್ 28ರಂದು ಒಪ್ಪಂದದ ಪರವಾಗಿದ್ದ ತಾತ್ಕಾಲಿಕ ಸರ್ಕಾರ ಅವರ ಮೇಲೆ ಫಿರಂಗಿ ಹಾರಿಸತೊಡಗಿತು. 30ರಂದು ದೊಡ್ಡ ಸ್ಫೋಟವಾಗಿ ಅದೇ ಆವರಣದಲ್ಲಿದ್ದ ಸರ್ಕಾರಿ ದಾಖಲೆ ಭಂಡಾರ ಉರಿದುಹೋಯಿತು. ಕರಕಲಾದ ಹಾಳೆಗಳು ಗಾಳಿಯಲ್ಲಿ ತೇಲಿ ಊರ ತುಂಬ ಉದುರಿದವು. ಶತಮಾನಗಳ ಉಯಿಲುಗಳು, ಪ್ರಾಟೆಸ್ಟೆಂಟರ ಚರ್ಚ್ ಆಫ್ ಐರ್ಲೆಂಡಿನ ಅರ್ಧಕ್ಕೂ ಹೆಚ್ಚು ಪ್ಯಾರಿಷ್ (ಚರ್ಚಿನ ಸ್ಥಳೀಯ ಘಟಕ) ಪುಸ್ತಕಗಳು, 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಮನೆವಾರು ಹಾಳೆಗಳಲ್ಲಿ ಬಹುಪಾಲು ಒಂದೇ ದಿನ ಬೂದಿಯಾದವು.

ಬೆಂಕಿಯ ಮೇಲೆ ಮಾತ್ರ ತಪ್ಪು ಹೊರಿಸುವುದು ಅನ್ಯಾಯ. 1861 ಮತ್ತು 1871ರ ಗಣತಿ ಹಾಳೆಗಳನ್ನು ಲೆಕ್ಕ ಮುಗಿದ ಮೇಲೆ ಸರ್ಕಾರವೇ ಆಜ್ಞೆ ಮಾಡಿ ನಾಶಪಡಿಸಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವಕ್ಕೆ ರದ್ದಿಯಾಗಿ ಹೋದವು. ಇಡೀ ದ್ವೀಪಕ್ಕೆ ಪೂರ್ತಿಯಾಗಿ ಉಳಿದಿರುವ ಅತಿ ಹಳೆಯ ಗಣತಿ 1901ರದು. ಹುಟ್ಟು ಸಾವುಗಳನ್ನು ಸರ್ಕಾರ ದಾಖಲಿಸತೊಡಗಿದ್ದೇ 1864ರಲ್ಲಿ. ಕ್ಯಾಥೊಲಿಕ್ ಪಾದ್ರಿಗಳು ದೀಕ್ಷಾಸ್ನಾನ, ಮದುವೆಗಳನ್ನು ಬರೆದಿಟ್ಟರೇ ಹೊರತು ಸಾವನ್ನು ಬರೆದಿಟ್ಟದ್ದು ಕಡಿಮೆ.

ಆದ್ದರಿಂದ ಪತ್ರಿಕೆ. ಈ ‘ಆದ್ದರಿಂದ’ದಲ್ಲೇ ತೊಡಕಿರುವುದು. ಸರ್ಕಾರಿ ಪುಸ್ತಕ ಸುಟ್ಟಿತು, ಅದರ ಜಾಗದಲ್ಲಿ ಪತ್ರಿಕೆಯನ್ನು ಕೂರಿಸೋಣ ಎಂಬ ಮನೋಭಾವದಿಂದ ಓದುವವರು ಪ್ರಕಟಣೆಯನ್ನು ಅರೆಬರೆ ರಿಜಿಸ್ಟರ್ ಎಂದುಕೊಳ್ಳುತ್ತಾರೆ. ಹೆಸರು ಬೇಕು, ತಾರೀಕು ಬೇಕು, ಊರು ಬೇಕು. ಸಿಕ್ಕರೆ ಗುರುತು ಹಾಕಿಕೊಂಡು ಪುಟ ತಿರುವಿದರಾಯಿತು. ಆದರೆ ರಿಜಿಸ್ಟರ್ ಎಂದರೆ ಕಾಯಿದೆಗಾಗಿ ಎಲ್ಲರ ಬಗ್ಗೆ ಒಂದೇ ಬಗೆಯಲ್ಲಿ ಬರೆದದ್ದು. ಪ್ರಕಟಣೆ ಹಾಗಲ್ಲ. ಒಬ್ಬರು ಇನ್ನೊಬ್ಬರ ಕಿವಿಗೆ ಬೀಳಲಿ ಎಂದು ಕಾಸು ಕೊಟ್ಟು ಆಡಿಸಿದ ಮಾತು ಅದು. ಅದನ್ನು ಓದುವಾಗ ಏನು ಬರೆದಿದೆ ಎಂಬುದಕ್ಕಿಂತ ಮುಂಚೆ ಯಾರು ಹಾಕಿಸಿದರು, ಯಾರ ಕಣ್ಣಿಗೆಂದು ಹಾಕಿಸಿದರು ಎಂದು ಕೇಳಬೇಕು. ಹಾಗೆ ಕೇಳಿದಾಗ ಅದು ರಿಜಿಸ್ಟರ್ ಹೇಳದ ಸಂಗತಿಗಳನ್ನು ಹೇಳುತ್ತದೆ. ಕೇಳದಿದ್ದರೆ ರಿಜಿಸ್ಟರಿಗಿಂತ ಕೆಟ್ಟದಾಗಿ ದಾರಿ ತಪ್ಪಿಸುತ್ತದೆ.

ಹದಿನೆಂಟನೆಯ ಶತಮಾನದಿಂದ ಶುರು ಮಾಡಬಹುದು. ‘ಬೆಲ್‌ಫಾಸ್ಟ್ ನ್ಯೂಸ್‌ಲೆಟರ್’ 1737ರಲ್ಲಿ ಹುಟ್ಟಿ ಇವತ್ತಿಗೂ ಬರುತ್ತಿರುವ ಪತ್ರಿಕೆ. ‘ಫ್ರೀಮನ್ಸ್ ಜರ್ನಲ್’ 1763ರದು, ‘ಲಿಮರಿಕ್ ಕ್ರಾನಿಕಲ್’ 1768ರದು. ಇವುಗಳಲ್ಲಿನ ಹುಟ್ಟಿನ ಪ್ರಕಟಣೆಗಳದ್ದು ಒಂದು ಸಿದ್ಧ ಅಚ್ಚು: ಇಂಥ ಊರಿನ ಇಂಥ ಮಹನೀಯರ ಪತ್ನಿಗೆ ಗಂಡುಮಗು. ಮಗುವಿಗೆ ಹೆಸರಿಲ್ಲ, ಹೆತ್ತವಳಿಗೂ ಇಲ್ಲ. ಬಾಣಂತಿಯ ಕೋಣೆಯ ಸುದ್ದಿಯಲ್ಲಿ ಹೆಸರು ಹಿಡಿದು ನಿಂತಿರುವವನು ಗಂಡ ಒಬ್ಬನೇ! ವಂಶವೃಕ್ಷ ಬರೆಯುವವರಿಗೆ ಇದು ದೊಡ್ಡ ನಿರಾಸೆ, ಯಾಕೆಂದರೆ ಅವರಿಗೆ ಬೇಕಾದದ್ದೇ ಆ ಎರಡು ಹೆಸರು. ಆದರೆ ಹಾಕಿಸಿದವನಿಗೆ ಬೇಕಾಗಿದ್ದದ್ದು ಬೇರೆ. ಆಸ್ತಿಗೆ ವಾರಸುದಾರ ಹುಟ್ಟಿದ್ದಾನೆಂದು ನೆರೆಯ ಜಮೀನ್ದಾರರಿಗೂ ಸಾಲ ಕೊಟ್ಟವರಿಗೂ ಗೊತ್ತಾದರೆ ಸಾಕಿತ್ತು. ಮದುವೆಯ ಪ್ರಕಟಣೆಗಳಲ್ಲಿ ವಧುವಿನ ಗುಣಗಾನದ ಜೊತೆಗೆ ಅವಳು ತಂದ ಹಣದ ಮೊತ್ತವೂ ಅಚ್ಚಾಗುತ್ತಿದ್ದ ಕಾಲ ಅದು.

ಈ ಪ್ರಕಟಣೆಗಳನ್ನು ಹೆಕ್ಕಿ ಸೂಚಿ ಮಾಡಿದವರ ತಾಳ್ಮೆ ದೊಡ್ಡದು. ಡಬ್ಲಿನ್ನಿನ ‘ವಾಕರ್ಸ್ ಹೈಬರ್ನಿಯನ್ ಮ್ಯಾಗಜಿನ್’ ಎಂಬ ಮಾಸಪತ್ರಿಕೆಯ 1771ರಿಂದ 1812ರವರೆಗಿನ ಮದುವೆಗಳನ್ನು ಹೆನ್ರಿ ಫರಾರ್ 1897ರಲ್ಲೇ ಪುಸ್ತಕವಾಗಿ ತಂದ. ಇಪ್ಪತ್ತನೆಯ ಶತಮಾನದಲ್ಲಿ ರೋಸ್‌ಮೇರಿ ಫಾಲಿಯಟ್ ಮುಖ್ಯವಾಗಿ ಕಾರ್ಕ್ ಮತ್ತು ಕೆರಿ ಸೀಮೆಗಳಿಗೆ ಸಂಬಂಧಿಸಿದ 1756ರಿಂದ 1827ರವರೆಗಿನ ಪ್ರಕಟಣೆಗಳನ್ನು ಒಂದೊಂದಾಗಿ ಕೂಡಿಹಾಕಿದರು. ಬೆಲ್‌ಫಾಸ್ಟ್ ಪತ್ರಿಕೆಯ 1737ರಿಂದ 1800ರವರೆಗಿನ ಸಂಚಿಕೆಗಳಿಗೆ ಅಮೆರಿಕದ ಪ್ರಾಧ್ಯಾಪಕ ಜಾನ್ ಗ್ರೀನ್ ಸೂಚಿ ಕಟ್ಟಿದರು. ಇವುಗಳನ್ನು ತಿರುವಿದರೆ ಎದ್ದು ಕಾಣುವುದು ಇರುವವರಷ್ಟೇ ಅಲ್ಲ, ಇಲ್ಲದವರು ಕೂಡ. ದ್ವೀಪದ ಬಹುಸಂಖ್ಯಾತರು ಕ್ಯಾಥೊಲಿಕ್ ಗೇಣಿದಾರರು, ಕೂಲಿಗಳು. ಅವರಲ್ಲಿ ಬಹಳ ಮಂದಿಯ ಮನೆಮಾತು ಐರಿಷ್. ಪತ್ರಿಕೆಗಳ ಭಾಷೆ ಇಂಗ್ಲಿಷ್. ಜಾಹೀರಾತಿನ ಮೇಲೆ ಸರ್ಕಾರದ ತೆರಿಗೆ ಬೇರೆ; ಅದು ರದ್ದಾದದ್ದು 1853ರಲ್ಲಿ. ತಮ್ಮದಲ್ಲದ ಭಾಷೆಯಲ್ಲಿ, ತಮ್ಮ ಕೈಗೆಟುಕದ ಬೆಲೆಯಲ್ಲಿ, ತಮ್ಮ ನೆಂಟರಿಷ್ಟರು ಓದದ ಕಾಗದದಲ್ಲಿ ಮಗನ ಮದುವೆಯನ್ನು ಯಾರು ಸಾರುತ್ತಾರೆ?

ಬಡವರ ಹೆಸರು ಆ ಪುಟಗಳಿಗೆ ಬರುತ್ತಿದ್ದದ್ದು ಬೇರೆಯವರು ಕಾಸು ಕೊಟ್ಟಾಗ. ಓಡಿಹೋದ ಅಪ್ರೆಂಟಿಸ್ ಹುಡುಗನನ್ನು ಅವನ ಯಜಮಾನ ವರ್ಣಿಸುತ್ತಾನೆ: ಎತ್ತರ ಇಷ್ಟು, ಕೂದಲು ಇಂಥದ್ದು, ಮುಖದಲ್ಲಿ ಸಿಡುಬಿನ ಕಲೆ, ತೊಟ್ಟ ಅಂಗಿಯ ಬಣ್ಣ. ದಂಡಿನಿಂದ ತಪ್ಪಿಸಿಕೊಂಡ ಸಿಪಾಯಿಯನ್ನು ಅವನ ಪಡೆ ವರ್ಣಿಸುತ್ತದೆ. ಗಣ್ಯ ಮನೆತನದ ಹಿರಿಯನ ನಿಧನದ ಪ್ರಕಟಣೆಯಲ್ಲಿ ಅವನ ಮುಖ ಹೇಗಿತ್ತೆಂದು ಇರುವುದಿಲ್ಲ. ಕೆಲಸ ಬಿಟ್ಟು ಓಡಿದ ಹುಡುಗನ ಮುಖ ಮಾತ್ರ ಇನ್ನೂರೈವತ್ತು ವರ್ಷದ ನಂತರವೂ ಕಾಣುತ್ತದೆ. ಹಿಡಿಯಲೆಂದು ಬರೆದದ್ದು ಉಳಿಸಿಕೊಟ್ಟಿತು.

ಗಂಡಂದಿರ ಪ್ರಕಟಣೆಗಳನ್ನಂತೂ ಇನ್ನೂ ಎಚ್ಚರದಿಂದ ಓದಬೇಕು. ತನ್ನ ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ, ಅವಳಿಗೆ ಯಾರೂ ಸಾಲ ಕೊಡಬಾರದು, ಕೊಟ್ಟರೆ ತಾನು ತೀರಿಸುವುದಿಲ್ಲ ಎಂದು ಸಾರುವ ಬಗೆ ಅದು. ಅದರ ಬೇರು ಆ ಕಾಲದ ಕಾನೂನಿನಲ್ಲಿದೆ. ಮದುವೆಯಾದವಳಿಗೆ ಸ್ವಂತ ಆಸ್ತಿಯಿಲ್ಲ, ಅವಳು ಅಂಗಡಿಯಲ್ಲಿ ಮಾಡಿದ ಬಾಕಿ ಗಂಡನ ತಲೆಗೆ. ಆ ಹೊಣೆ ಕಳಚಿಕೊಳ್ಳಲು ಅವನು ಅಂಗಡಿಯವರನ್ನು ಕುರಿತು ಪತ್ರಿಕೆಯಲ್ಲಿ ಮಾತಾಡುತ್ತಾನೆ. ವಂಶಾವಳಿಗಳಲ್ಲಿ ಇಂಥವಳ ಹೆಸರಿನ ಪಕ್ಕ ‘ಗಂಡನನ್ನು ಬಿಟ್ಟು ಓಡಿಹೋದಳು’ ಎಂದು ಸಲೀಸಾಗಿ ಬರೆದುಬಿಡುತ್ತಾರೆ. ಆ ಮೂರು ಸಾಲಿನಿಂದ ನಿಜವಾಗಿ ತಿಳಿಯುವುದು ಇಷ್ಟು: ಇಂಥ ವಾರ ಅವರಿಬ್ಬರು ಒಂದೇ ಮನೆಯಲ್ಲಿರಲಿಲ್ಲ, ಮತ್ತು ಅವನಿಗೆ ಸಾಲ ಕೊಟ್ಟವರ ಭಯವಿತ್ತು. ಅವಳು ಹೋದಳೋ ಅವನೇ ಅಟ್ಟಿದನೋ? ಕೆಲವು ಹೆಂಗಸರು ಎದುರು ಪ್ರಕಟಣೆ ಹಾಕಿಸಿ ಗಂಡನ ಏಟುಗಳನ್ನು ಊರಿಗೆ ತಿಳಿಸಿದ್ದೂ ಉಂಟು. ಹಾಗೆ ಹಾಕಿಸಲು ಕಾಸಿದ್ದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಆಮೇಲೆ ಮಹಾಕ್ಷಾಮ ಬಂತು. 1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿದ್ದರಿಂದ ಶುರುವಾದ ಆ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿದರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರ ಹೊತ್ತಿಗೆ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಸತ್ತ ಹತ್ತು ಲಕ್ಷಕ್ಕೆ ನಿಧನದ ಪ್ರಕಟಣೆಗಳಿಲ್ಲ. ಪತ್ರಿಕೆಯಲ್ಲಿ ಅವರ ಹೆಸರು ಸಿಗುವುದಾದರೆ ಅದು ಶವತನಿಖೆಯ ವರದಿಗಳಲ್ಲಿ. ‘ಕಾರ್ಕ್ ಎಕ್ಸಾಮಿನರ್’ನಂಥ ಪತ್ರಿಕೆಗಳು ಸ್ಕಿಬರೀನ್ ಪಟ್ಟಣದ ಸುತ್ತಮುತ್ತಲ ಇಂಥ ತನಿಖೆಗಳನ್ನು ಬರೆದವು: ಹೆಣ ಎಲ್ಲಿ ಬಿದ್ದಿತ್ತು, ಕಡೆಯ ಬಾರಿ ಏನು ತಿಂದಿದ್ದ, ಮನೆಯಲ್ಲಿ ಎಷ್ಟು ಮಕ್ಕಳು, ತೀರ್ಪು ‘ಹಸಿವಿನಿಂದ ಸಾವು’. ಜಮೀನ್ದಾರನ ಸಾವಿನ ಪ್ರಕಟಣೆ ಹೇಳುವುದಕ್ಕಿಂತ ಹೆಚ್ಚಿನ ಕುಟುಂಬ ಚರಿತ್ರೆ ಅದರಲ್ಲಿದೆ. ತನಿಖೆಗಳು ಸಾವಿನ ವೇಗಕ್ಕೆ ಸಮನಾಗಿ ಓಡಲಾರದೆ ಹೋದ ಮೇಲೆ ಆ ಹೆಸರುಗಳೂ ನಿಂತವು.

ಬದುಕಿ ಹಡಗು ಹತ್ತಿದವರ ಕಥೆ ಬೇರೆ. ಇಡೀ ವಿಷಯದ ಜೀವಾಳವೂ ಅಲ್ಲೇ ಇದೆ.

ಬೋಸ್ಟನ್ ನಗರದ ಕ್ಯಾಥೊಲಿಕ್ ವಾರಪತ್ರಿಕೆಯೊಂದು, ಮುಂದೆ ‘ಪೈಲಟ್’ ಎಂದು ಹೆಸರಾದದ್ದು, 1831ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನಿಂದ ಬಂದ ಒಬ್ಬ ಮನುಷ್ಯನ ಸುಳಿವು ಕೇಳುವ ಪ್ರಕಟಣೆಯನ್ನು ಅಚ್ಚು ಹಾಕಿತು. ಅದು ಅಂಕಣವಾಗಿ ಬೆಳೆದು 1921ರ ಅಕ್ಟೋಬರ್‌ವರೆಗೆ, ತೊಂಬತ್ತು ವರ್ಷ ನಡೆಯಿತು. ಹೆಸರು ‘ಕಾಣೆಯಾದ ಗೆಳೆಯರು’. ಗೆಳೆಯರು ಎಂದರೆ ಆಗಿನ ಬಳಕೆಯಲ್ಲಿ ನೆಂಟರೂ ಸೇರಿ. ಹತ್ತಾರು ಸಾವಿರ ಪ್ರಕಟಣೆಗಳು ಅದರಲ್ಲಿ ಬಂದವು. ಕ್ಷಾಮದ ನಂತರದ ವರ್ಷಗಳಲ್ಲಂತೂ ಅಂಕಣ ಉಬ್ಬಿಹೋಯಿತು. ರೂತ್ ಆ್ಯನ್ ಹ್ಯಾರಿಸ್ ಮತ್ತು ಅವರ ಜೊತೆಗಾರರು ಇವನ್ನು ಎಂಟು ಸಂಪುಟಗಳಲ್ಲಿ ಸಂಪಾದಿಸಿದರು. ಬೋಸ್ಟನ್ ಕಾಲೇಜು ಅವನ್ನು ಹುಡುಕಿ ನೋಡಬಹುದಾದ ದತ್ತಕೋಶ ಮಾಡಿತು.

ಜನ ಕಾಣೆಯಾದದ್ದು ಹೇಗೆ? ಮನೆಯಲ್ಲಿ ಒಬ್ಬ ಮೊದಲು ಹೋಗುತ್ತಾನೆ. ಕಾಲುವೆ ತೋಡುವ, ರೈಲುಹಳಿ ಹಾಕುವ ಕೂಲಿ ಹಿಡಿಯುತ್ತಾನೆ. ದುಡ್ಡು ಕಳಿಸಿ ಹೆಂಡತಿಯನ್ನೋ ತಮ್ಮನನ್ನೋ ಕರೆಸಿಕೊಳ್ಳುತ್ತಾನೆ. ಅವರು ಕೈಯಲ್ಲಿ ಹಳೆಯ ಕಾಗದದ ವಿಳಾಸ ಹಿಡಿದು ಕ್ವಿಬೆಕ್‌ನಲ್ಲೋ ನ್ಯೂಯಾರ್ಕಿನಲ್ಲೋ ಇಳಿಯುವ ಹೊತ್ತಿಗೆ ಹಳಿ ಮುಂದಕ್ಕೆ ಹೋಗಿರುತ್ತದೆ, ಹಳಿಯ ಜೊತೆ ಅವನೂ. ಓದು ಬರಹ ಬಲ್ಲವರು ಕಡಿಮೆ; 1841ರ ಗಣತಿಯಲ್ಲಿ ಐದು ವರ್ಷ ಮೇಲ್ಪಟ್ಟ ಐರಿಷರಲ್ಲಿ ಶೇಕಡ 53 ಮಂದಿಗೆ ಎರಡೂ ಬರುತ್ತಿರಲಿಲ್ಲ. ಪಾದ್ರಿಯೋ ಓದು ಬಲ್ಲ ಕೂಲಿಯೋ ಆ ಅಂಕಣವನ್ನು ಗಟ್ಟಿಯಾಗಿ ಓದಿದರೆ ಹತ್ತು ಜನ ಕೇಳುತ್ತಾರೆ, ಹತ್ತರಲ್ಲಿ ಒಬ್ಬ ‘ಆ ಹೆಸರಿನವನು ನಮ್ಮ ಜೊತೆ ಇದ್ದ’ ಎನ್ನುತ್ತಾನೆ. ಪ್ರಕಟಣೆಯ ಭಾಷೆಯನ್ನು ರೂಪಿಸಿದ್ದು ಈ ಆಸೆ. ಆ ಒಬ್ಬನಿಗೆ ಗುರುತು ಹತ್ತುವಂತೆ ಎಲ್ಲವನ್ನೂ ಹೇಳಬೇಕು. ಕೌಂಟಿ ಸಾಲದು, ಪ್ಯಾರಿಷ್ ಬೇಕು, ಟೌನ್‌ಲ್ಯಾಂಡ್ ಬೇಕು. ಯಾವ ವರ್ಷ, ಯಾವ ತಿಂಗಳು, ಯಾವ ಬಂದರು, ಏನು ಕಸಬು, ಕಡೆಯ ಕಾಗದ ಎಲ್ಲಿಂದ ಬಂತು. ಹುಡುಕುತ್ತಿರುವುದು ಅಕ್ಕನನ್ನಾದರೆ ಅವಳ ಗಂಡನ ಮನೆಯ ಹೆಸರಿನ ಜೊತೆ ತವರಿನ ಹೆಸರು.

ಟೌನ್‌ಲ್ಯಾಂಡ್ ಎಂದರೆ ಕೆಲವು ಮನೆ, ಕೆಲವು ಹೊಲಗಳ ಒಂದು ಪುಟ್ಟ ಎಲ್ಲೆ. ಐರ್ಲೆಂಡಿನಲ್ಲಿ ಅಂಥವು ಅರವತ್ತು ಸಾವಿರಕ್ಕೂ ಹೆಚ್ಚು. ಅಮೆರಿಕದ ಬಹುಪಾಲು ದಾಖಲೆಗಳು ವಲಸೆ ಬಂದವನ ಹುಟ್ಟೂರಿನ ಜಾಗದಲ್ಲಿ ‘ಐರ್ಲೆಂಡ್’ ಎಂದಷ್ಟೇ ಬರೆದು ಕೈತೊಳೆದುಕೊಂಡವು. ಕಾರ್ಕ್ ಕೌಂಟಿಯ ಒಬ್ಬ ಜಾನ್ ಮರ್ಫಿಯನ್ನು ಅಷ್ಟರಿಂದ ಹುಡುಕುವುದು ಆಗದ ಮಾತು. ಆ ಹೆಸರಿನವರು ಅಲ್ಲಿ ಕಾಲಿಗೊಬ್ಬರು ಕೈಗೊಬ್ಬರು. ಟೌನ್‌ಲ್ಯಾಂಡಿನ ಹೆಸರು ಸಿಕ್ಕಿತೆಂದರೆ ಬೀಗ ತೆರೆಯುತ್ತದೆ. 1847ರಿಂದ 1864ರ ನಡುವೆ ರಿಚರ್ಡ್ ಗ್ರಿಫಿತ್ ಮಾಡಿಸಿದ ಭೂಮಿ ಮೌಲ್ಯಮಾಪನದಲ್ಲಿ ಆ ಎಲ್ಲೆಯ ಗೇಣಿದಾರರ ಪಟ್ಟಿಯಿದೆ. ಆ ಪ್ಯಾರಿಷ್ಷಿನ ಕ್ಯಾಥೊಲಿಕ್ ಪುಸ್ತಕಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟಿತು. ಬೋಸ್ಟನ್ನಿನ ಮೂರು ಸಾಲು, ಗ್ರಿಫಿತನ ಒಂದು ಸಾಲು, ಪಾದ್ರಿಯ ಲ್ಯಾಟಿನ್ ಗೀಚು. ಈ ಮೂರನ್ನು ಹೊಲಿದರೆ ಎಷ್ಟೋ ಬಾರಿ ಒಂದು ಮನೆ ಎದ್ದು ನಿಲ್ಲುತ್ತದೆ.

ಹುಟ್ಟಿನ ಪ್ರಕಟಣೆಯಲ್ಲಿ ಹೆತ್ತವಳ ಹೆಸರೇ ಇಲ್ಲ, ಕಾಣೆಯಾದವರ ಪ್ರಕಟಣೆಯಲ್ಲಿ ತವರಿನ ಹೆಸರು ಸಮೇತ ಇದೆ. ಹೆಂಗಸರ ಬಗ್ಗೆ ಒಂದು ಪತ್ರಿಕೆಗೆ ಗೌರವ ಕಡಿಮೆ, ಇನ್ನೊಂದಕ್ಕೆ ಹೆಚ್ಚು ಎಂದಲ್ಲ. ಒಂದರ ಉದ್ದೇಶ ವಾರಸುದಾರನನ್ನು ಸಾರುವುದು, ಇನ್ನೊಂದರದು ಮನುಷ್ಯರನ್ನು ಹುಡುಕುವುದು. ಉದ್ದೇಶ ಬದಲಾದರೆ ಮಾಹಿತಿಯೂ ಬದಲಾಗುತ್ತದೆ. ಪ್ರಕಟಣೆಯನ್ನು ರಿಜಿಸ್ಟರ್ ಎಂದು ಓದುವವರ ಕೈಯಿಂದ ಜಾರುವ ಸಂಗತಿ ಇದೇ.

ಕಾಗುಣಿತವನ್ನೂ ಹೀಗೇ ನೋಡಬೇಕು. 1824ರಿಂದ ಬ್ರಿಟಿಷ್ ಸೇನೆಯ ಎಂಜಿನಿಯರುಗಳು ಇಡೀ ದ್ವೀಪವನ್ನು ಅಳೆದು ನಕ್ಷೆ ಬರೆದಾಗ ಐರಿಷ್ ಊರುಹೆಸರುಗಳನ್ನು ಇಂಗ್ಲಿಷ್ ಲಿಪಿಗೆ ಒಗ್ಗುವಂತೆ ತಿರುಚಿ ನಿಗದಿ ಮಾಡಿದರು. ಬ್ರಿಯಾನ್ ಫ್ರೀಲ್ 1980ರಲ್ಲಿ ಬರೆದ ‘ಟ್ರಾನ್ಸ್‌ಲೇಷನ್ಸ್’ ನಾಟಕದ ವಸ್ತು ಅದೇ. ಆದರೆ ಬೋಸ್ಟನ್ನಿನಲ್ಲಿ ತನ್ನ ಊರಿನ ಹೆಸರು ಹೇಳಿ ಬರೆಸುತ್ತಿದ್ದ ಹೆಂಗಸಿಗೆ ಆ ನಕ್ಷೆ ಗೊತ್ತಿಲ್ಲ. ಅವಳು ಬಾಯಲ್ಲಿ ಹೇಳಿದಳು, ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ. ಇವತ್ತಿನ ಸಂಶೋಧಕರು ಅದನ್ನು ‘ತಪ್ಪು ಕಾಗುಣಿತ’ ಎಂದು ತಿದ್ದಿಬಿಡುತ್ತಾರೆ. ಅದು ಆ ಊರಿನವರು ಆ ಹೆಸರನ್ನು ಹೇಗೆ ಉಚ್ಚರಿಸುತ್ತಿದ್ದರು ಎಂಬುದರ ಗುರುತು ಕೂಡ ಆಗಿರಬಹುದು. ತಿದ್ದುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸ್ವಾರ್ಥವಿಟ್ಟುಕೊಂಡು ಹಾಕಿಸಿದ ಮಾತನ್ನು ನಂಬುವುದು ಹೇಗೆ, ಸರ್ಕಾರಿ ದಾಖಲೆಯಾದರೆ ನಿಷ್ಪಕ್ಷಪಾತವಲ್ಲವೇ ಎಂದು. ಇದಕ್ಕೆ ಐರ್ಲೆಂಡಿನಲ್ಲೇ ಸೊಗಸಾದ ಉತ್ತರವಿದೆ. 1908ರ ಕಾಯಿದೆಯ ಪ್ರಕಾರ 1909ರ ಜನವರಿಯಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಐದು ಷಿಲಿಂಗ್ ಪಿಂಚಣಿ ಬಂತು. ಎಪ್ಪತ್ತು ತುಂಬಿದ್ದಕ್ಕೆ ರುಜುವಾತು? ಹುಟ್ಟಿನ ದಾಖಲೆ ಶುರುವಾದದ್ದೇ 1864ರಲ್ಲಿ. ಹಾಗಾಗಿ 1839ರ ಜನವರಿ 6ರ ರಾತ್ರಿ ಬೀಸಿದ ಮಹಾ ಬಿರುಗಾಳಿ ತಮಗೆ ನೆನಪಿದೆ ಎಂದು ಮುದುಕರು ಸಾಲಾಗಿ ಹೇಳಿದರು. 1911ರ ಗಣತಿಯಲ್ಲಿ ಎಷ್ಟೋ ಮಂದಿ 1901ರಲ್ಲಿದ್ದ ವಯಸ್ಸಿಗಿಂತ ಹತ್ತಲ್ಲ, ಹದಿನೈದು ಹದಿನೆಂಟು ವರ್ಷ ದೊಡ್ಡವರಾಗಿದ್ದರು! ಸರ್ಕಾರದ ಹಾಳೆಯೂ ಒಬ್ಬರು ಇನ್ನೊಬ್ಬರಿಗೆ ಏನನ್ನೋ ಬಯಸಿ ಹೇಳಿದ ಮಾತೇ. ಪತ್ರಿಕೆಯ ಪ್ರಕಟಣೆ ತನ್ನ ಬಯಕೆಯನ್ನು ಮುಚ್ಚಿಡುವುದಿಲ್ಲ, ಗಣತಿಯ ಹಾಳೆ ಮುಚ್ಚಿಡುತ್ತದೆ. ವ್ಯತ್ಯಾಸ ಇಷ್ಟೇ.

ಇದೇ ಪಿಂಚಣಿಯ ಕಥೆಗೆ ಒಂದು ಬಾಲವಿದೆ. ವಯಸ್ಸು ಸಾಬೀತು ಮಾಡಲು ಜನ 1841 ಮತ್ತು 1851ರ ಗಣತಿಯಲ್ಲಿ ತಮ್ಮ ಮನೆಯನ್ನು ಹುಡುಕಿಕೊಡಿ ಎಂದು ಅರ್ಜಿ ಹಾಕಿದ್ದರು. ಗುಮಾಸ್ತರು ಹಳೆಯ ಹಾಳೆ ತೆಗೆದು ಕಂಡದ್ದನ್ನು ಬರೆದುಕೊಟ್ಟರು. ಹದಿಮೂರು ವರ್ಷದ ನಂತರ ಗಣತಿ ಉರಿಯಿತು, ಅರ್ಜಿಗಳು ಉಳಿದವು. ಮುದುಕರ ಐದು ಷಿಲಿಂಗ್ ಆಸೆಯಿಂದ ಸಾವಿರಾರು ಮನೆಗಳ ವಿವರ ಬೆಂಕಿ ದಾಟಿ ಬಂತು.

ಪತ್ರಿಕೆಯ ಕಾಗದ ಹಡಗು ಹತ್ತಿದ ಕಡೆಗೆಲ್ಲ ಪ್ರಕಟಣೆಯ ಮಾತುಗಳೂ ಹೋದವು. ಹತ್ತೊಂಬತ್ತನೆಯ ಶತಮಾನದ ಐರಿಷ್ ನಿಧನ ಪ್ರಕಟಣೆಗಳ ಕೊನೆಗೆ ಒಂದು ಪುಟ್ಟ ಬಾಲ ಕಾಣುತ್ತದೆ: ಅಮೆರಿಕದ ಪತ್ರಿಕೆಗಳು ದಯವಿಟ್ಟು ನಕಲು ಮಾಡಿಕೊಳ್ಳುವುದು. ಆಸ್ಟ್ರೇಲಿಯಾದಲ್ಲಿ ಸತ್ತವನ ಪ್ರಕಟಣೆಯಲ್ಲಿ ‘ಊರಿನ ಪತ್ರಿಕೆಗಳು’ ಎಂದಿರುತ್ತದೆ. ತಾರೀಕು ಹುಡುಕುವವರು ಇದನ್ನು ಶಿಷ್ಟಾಚಾರವೆಂದು ದಾಟಿಹೋಗುತ್ತಾರೆ. ಆದರೆ ಇದು ಅಂಚೆಯ ವಿಳಾಸವಿದ್ದಂತೆ. ಅತ್ತ ಕಡೆ ಯಾರೋ ನೆಂಟರಿದ್ದಾರೆ, ಅವರಿಗೆ ಕಾಗದ ತಲುಪುವ ಭರವಸೆಯಿಲ್ಲ ಎಂಬುದರ ಸುಳಿವು. ಕೆಲವು ಸಲ ‘ಚಿಕಾಗೋ ಪತ್ರಿಕೆಗಳು’ ಎಂದು ಊರನ್ನೇ ಹೇಳಿರುತ್ತಾರೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ‘ಟ್ರೋವ್’ ಹೆಸರಿನಲ್ಲಿ ತನ್ನ ಹಳೆಯ ಪತ್ರಿಕೆಗಳನ್ನು ಬಿಟ್ಟಿಯಾಗಿ ತೆರೆದಿಟ್ಟ ಮೇಲೆ ಇಂಥ ಸುಳಿವುಗಳ ಇನ್ನೊಂದು ತುದಿಯನ್ನು ಹುಡುಕುವುದು ಸುಲಭವಾಗಿದೆ.

ಬೆಂಗಳೂರು, ಬಳ್ಳಾರಿಗಳೂ ಈ ಜಾಲದಲ್ಲಿದ್ದವು. 1830ರ ಸುಮಾರಿಗೆ ಬ್ರಿಟಿಷ್ ಸೇನೆಯ ಪ್ರತಿ ಐದು ಸಿಪಾಯಿಗಳಲ್ಲಿ ಇಬ್ಬರು ಐರಿಷರು. ಲಂಡನ್ನಿನಿಂದ ಹೊರಡುತ್ತಿದ್ದ ‘ಏಷ್ಯಾಟಿಕ್ ಜರ್ನಲ್’ ತಿಂಗಳು ತಿಂಗಳೂ ಭಾರತದಲ್ಲಿನ ಹುಟ್ಟು, ಮದುವೆ, ಸಾವುಗಳನ್ನು ಅಚ್ಚು ಹಾಕುತ್ತಿತ್ತು. ಮದ್ರಾಸು ಪ್ರಾಂತದ ಪಟ್ಟಿಯಲ್ಲಿ ಬೆಂಗಳೂರಿನ ದಂಡು, ಬಳ್ಳಾರಿಯ ದಂಡು ಮತ್ತೆ ಮತ್ತೆ ಬರುತ್ತವೆ. ಆದರೆ ಅಲ್ಲಿ ಹೆಸರು ಪಡೆದವರು ಬಹುಮಟ್ಟಿಗೆ ಕ್ಯಾಪ್ಟನ್‌ಗಳು, ಸರ್ಜನ್‌ಗಳು, ಅವರ ಹೆಂಡತಿ ಮಕ್ಕಳು. ಕಾಲರಾಕ್ಕೆ ತುತ್ತಾದ ಸಾಮಾನ್ಯ ಸಿಪಾಯಿಯ ಹೆಸರು ಪಡೆಯ ಹಾಜರಿ ಪುಸ್ತಕದಲ್ಲೋ ಪಾದ್ರಿಯ ಪುಸ್ತಕದಲ್ಲೋ ಉಳಿಯಿತು. ಅವನ ತಾಯಿಗೆ ಅದು ಪತ್ರಿಕೆಯಿಂದ ತಿಳಿಯುವ ಸಂಭವ ಕಡಿಮೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪರಿಸ್ಥಿತಿ ಬದಲಾಯಿತು. ತೆರಿಗೆ ಹೋಗಿತ್ತು, ಕಾಗದ ಅಗ್ಗವಾಗಿತ್ತು, ಓದು ಬರಹ ಹರಡಿತ್ತು. ಸಣ್ಣ ಸಣ್ಣ ಪಟ್ಟಣಗಳಿಗೂ ತಮ್ಮ ವಾರಪತ್ರಿಕೆ ಇತ್ತು. ಆಗ ಬಂದದ್ದು ಮಣ್ಣಿನ ವರದಿ, ಅದರ ಕೆಳಗೆ ‘ಮುಖ್ಯ ಶೋಕತಪ್ತರು’ ಎಂಬ ಪಟ್ಟಿ. ಹೆಂಡತಿ, ಮಕ್ಕಳು, ಅಳಿಯಂದಿರು, ಸೊಸೆಯಂದಿರು, ತಂಗಿಯ ಮಕ್ಕಳು, ದೊಡ್ಡಪ್ಪನ ಮಕ್ಕಳು, ಒಬ್ಬೊಬ್ಬರ ಮುಂದೆ ಸಂಬಂಧ. ಯಾವ ರಿಜಿಸ್ಟರೂ ಕೊಡದ ಮಾಹಿತಿ ಇದು. ರಿಜಿಸ್ಟರಿಗೆ ತಂದೆ ತಾಯಿ ಗೊತ್ತು, ಸೋದರತ್ತೆಯ ಮಗ ಗೊತ್ತಿಲ್ಲ. ಜಾಯ್ಸ್ ಗೇಲಿ ಮಾಡಿದ ಪಟ್ಟಿಯೂ ಇದೇ ಜಾತಿಯದು. ಹಳ್ಳಿಯಲ್ಲಿ ಯಾರ ಮಣ್ಣಿಗೆ ಯಾರು ಹೋದರೆಂಬುದು ಋಣದ ಲೆಕ್ಕ. ಹೋಗದವನು ತನ್ನ ಹೆಸರು ಸೇರಿಸಲು ಹೇಳಿ ಕಳಿಸುವುದರಲ್ಲಿ, ಹೋಗಿದ್ದವನ ಹೆಸರು ಬಿಟ್ಟುಹೋದರೆ ಮನಸ್ತಾಪವಾಗುವುದರಲ್ಲಿ ಆಶ್ಚರ್ಯವಿಲ್ಲ. ಹಾಗಾಗಿ ಈ ಪಟ್ಟಿಯನ್ನು ಹಾಜರಾತಿ ಎಂದು ಓದದೆ, ಹಾಜರಿದ್ದೆವೆಂದು ಕಾಣಬಯಸಿದವರ ಪಟ್ಟಿ ಎಂದು ಓದುವುದು ಒಳ್ಳೆಯದು. ಹಾಗೆ ಓದಿದಾಗ ಮೆಕಾಯ್‌ನ ಸುಳ್ಳಿಗೂ ಬೆಲೆ ಬರುತ್ತದೆ. ಅವನು ಹೋಗಲಿಲ್ಲ, ಆದರೆ ಹೋಗಬೇಕಾಗಿತ್ತು ಎಂದುಕೊಂಡಿದ್ದ. ಅದೂ ಒಂದು ಸಂಬಂಧವೇ.

ಈಗ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್, ಐರಿಷ್ ನ್ಯೂಸ್‌ಪೇಪರ್ ಆರ್ಕೈವ್ಸ್‌ಗಳಲ್ಲಿ ಮನೆಯಲ್ಲೇ ಕೂತು ಹೆಸರು ಹೊಡೆದರೆ ಸಾಕು, ನೂರಾರು ಫಲಿತಾಂಶ. ಅನುಕೂಲ ದೊಡ್ಡದು, ಆದರೆ ಹೆಸರು ಹೊಡೆದು ಹುಡುಕುವ ಪದ್ಧತಿಯೇ ಪ್ರಕಟಣೆಯನ್ನು ಅದರ ಪುಟದಿಂದ ಕಿತ್ತು ಕೈಗಿಡುತ್ತದೆ. ಅಕ್ಕಪಕ್ಕದಲ್ಲಿ ಏನಿತ್ತು, ಅದೇ ವಾರ ಅದೇ ಊರಿನಲ್ಲಿ ಯಾವ ಎಸ್ಟೇಟು ಹರಾಜಿಗೆ ಬಂತು, ಯಾವ ಹಡಗು ಹೊರಡಲಿತ್ತು ಎಂಬುದು ಕಾಣುವುದಿಲ್ಲ. ಯಂತ್ರ ಮಾಸಿದ ಅಕ್ಷರಗಳನ್ನು ತಪ್ಪಾಗಿ ಓದಿಕೊಂಡಿದ್ದರೆ ಬೂಮನಾದ ಬ್ಲೂಮ್ ಸಿಗುವುದೇ ಇಲ್ಲ. ಮೈಕ್ರೋಫಿಲ್ಮ್ ತಿರುಗಿಸುತ್ತ ಕಣ್ಣು ಕೆಡಿಸಿಕೊಂಡ ಹಳೆಯ ತಲೆಮಾರಿನವರು ನಿಧಾನವಾಗಿಯಾದರೂ ಇಡೀ ಪುಟ ನೋಡುತ್ತಿದ್ದರು.

ಪ್ರಕಟಣೆಯ ಪದ್ಧತಿ ಐರ್ಲೆಂಡಿನಲ್ಲಿ ಸತ್ತಿಲ್ಲ. ಸ್ಥಳೀಯ ರೇಡಿಯೊಗಳು ಇವತ್ತೂ ನಿಧನದ ಸೂಚನೆಗಳನ್ನು ಓದುತ್ತವೆ. ಅಡುಗೆಮನೆಯಲ್ಲಿ ಮಾತು ನಿಲ್ಲಿಸಿ ಕೇಳುವವರಿದ್ದಾರೆ. 2005ರಲ್ಲಿ ಶುರುವಾದ ‘ಆರ್‌ಐಪಿ ಡಾಟ್ ಐಇ’ ಎಂಬ ಅಂತರ್ಜಾಲ ತಾಣದಲ್ಲಿ ದೇಶದ ಸಾವುಗಳಲ್ಲಿ ಬಹುಪಾಲು ಕೆಲವೇ ದಿನಗಳೊಳಗೆ ಕಾಣಿಸಿಕೊಳ್ಳುತ್ತವೆ. ಐರ್ಲೆಂಡಿನಲ್ಲಿ ಸಾವನ್ನು ಸರ್ಕಾರಕ್ಕೆ ದಾಖಲಿಸಲು ಮೂರು ತಿಂಗಳ ಅವಕಾಶವಿತ್ತು. ಕೋವಿಡ್ ಬಂದಾಗ ಅಷ್ಟು ಕಾಯುವಂತಿರಲಿಲ್ಲ. ಸಾವಿನ ಪ್ರಮಾಣ ಎಷ್ಟು ಏರಿದೆಯೆಂದು ಅಂದಾಜು ಮಾಡಲು ದೇಶದ ಕೇಂದ್ರ ಅಂಕಿಅಂಶ ಕಚೇರಿಯೇ ಈ ತಾಣದ ಪ್ರಕಟಣೆಗಳನ್ನು ಎಣಿಸತೊಡಗಿತು. ಸರ್ಕಾರ ತನ್ನ ರಿಜಿಸ್ಟರ್ ಬದಿಗಿಟ್ಟು ಜನರ ಪ್ರಕಟಣೆ ಓದಿದ್ದು, ಬಹುಶಃ 1922ರ ಬೆಂಕಿ ನೋಡಿದವರಿಗೂ ಊಹಿಸಲಾಗದ ನೋಟ.

2024ರಲ್ಲಿ ಆ ತಾಣವನ್ನು ಐರಿಷ್ ಟೈಮ್ಸ್ ಸಂಸ್ಥೆ ಕೊಂಡಿತು. 2025ರ ಜನವರಿಯಿಂದ ಒಂದು ನಿಧನದ ಪ್ರಕಟಣೆಗೆ ನೂರು ಯೂರೋ ಶುಲ್ಕ. ಪ್ರಕಟಣೆಯ ಒಕ್ಕಣೆ ಮಾತ್ರ ಹಾಗೇ ಇದೆ: ಯಾವ ಆಸ್ಪತ್ರೆಯಲ್ಲಿ, ಯಾವ ಟೌನ್‌ಲ್ಯಾಂಡಿನವರು, ಮೊದಲೇ ತೀರಿಕೊಂಡ ಅಣ್ಣತಮ್ಮಂದಿರು ಯಾರು, ಪೂಜೆ ಎಷ್ಟು ಗಂಟೆಗೆ. ಕೊನೆಯಲ್ಲಿ ಮಕ್ಕಳ, ಮೊಮ್ಮಕ್ಕಳ ಹೆಸರು, ಕೆಲವರ ಪಕ್ಕದಲ್ಲಿ ಈಗಲೂ ಊರು: ಬೋಸ್ಟನ್, ಟೊರಾಂಟೊ, ಪರ್ತ್.